'ಬಾ' ಎನ್ನುವ ನಾವು ಹೋಗುವುದು ಯಾವಾಗ?

ಕನ್ನಡ ಸಂಘದ ಪತ್ರಿಕೆಯಲ್ಲಿ ಚರ್ಚಿನ ಮಾತೇಕೆ ಅಂತ ಕೆಲವು ಗೆಳೆಯರು ಹುಬ್ಬೇರಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ, ಕೊನೆಗೆ ಮಾತು ನಮ್ಮೆಲ್ಲರ ಮನೆ ಬಾಗಿಲಿಗೇ ಬರುತ್ತದೆ.

ಮುಂಬಯಿಯಲ್ಲಿ ಕನ್ನಡದಲ್ಲೇ ಆರಾಧನೆ ನಡೆಯುವ ಚರ್ಚುಗಳಿವೆ. ಬೀದರ್, ಕಲಬುರ್ಗಿ, ದಕ್ಷಿಣ ಕನ್ನಡದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಸೇರುತ್ತೇವೆ. ಅಂಥ ಒಂದು ಚರ್ಚಿನ ಯೌವನಸ್ಥರ ಸಂಘಕ್ಕೆ ನಾನು ಎರಡು ವರ್ಷ ಕಾರ್ಯದರ್ಶಿಯಾಗಿದ್ದೆ. ಈಗ ಹೇಳಹೊರಟಿರುವ ತಪ್ಪಿನಲ್ಲಿ ಮೊದಲ ಪಾಲು ನನ್ನದೇ.

ಡಿಸೆಂಬರ್ ಬಂತೆಂದರೆ ನಮ್ಮಲ್ಲಿ ಕ್ಯಾರಲ್ ಅಭ್ಯಾಸದ ಗಡಿಬಿಡಿ. ಅದೇ ಹೊತ್ತಿಗೆ ಕಾಲೇಜುಗಳಲ್ಲೂ ಉತ್ಸವ, ನಾಟಕ, ಪಂದ್ಯಗಳ ಸುಗ್ಗಿ. ನಮ್ಮ ಸಂಘದ ಒಬ್ಬ ಹುಡುಗನಿಗೆ ಅಂತರ ಕಾಲೇಜು ಏಕಾಂಕ ಸ್ಪರ್ಧೆಯಲ್ಲಿ ಪಾತ್ರ ಸಿಕ್ಕಿತ್ತು. ಮೂರು ದಿನ ಕ್ಯಾರಲ್ ಅಭ್ಯಾಸಕ್ಕೆ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಎಲ್ಲರ ಎದುರಿಗೇ ಕೇಳಿಬಿಟ್ಟೆ: "ಏನಪ್ಪಾ, ದೇವರಿಗಿಂತ ನಾಟಕ ದೊಡ್ಡದಾಯ್ತಾ?" ಅವನು ಏನೂ ಅನ್ನಲಿಲ್ಲ. ಕ್ರಿಸ್ಮಸ್ ತನಕ ಬಂದು ಹಾಡಿದ. ಜನವರಿಯಿಂದ ಬರುವುದು ನಿಂತಿತು. ಆ ನಾಟಕಕ್ಕೆ ಅವನಿಗೆ ಬಹುಮಾನ ಬಂದಿತ್ತೆಂದು ನನಗೆ ತಿಳಿದದ್ದು ಮಾರ್ಚಿನಲ್ಲಿ, ಲೋಕಲ್ ಗಾಡಿಯಲ್ಲಿ ಸಿಕ್ಕ ಇನ್ಯಾರೋ ಹೇಳಿದಾಗ. ಅವನು ಮಾಡಿದ್ದು ಯಾವ ಪಾತ್ರ ಅಂತಲೂ ನಾನು ಕೇಳಿರಲಿಲ್ಲ!

ಚರ್ಚಿನ ಹೊರಗಿನದೆಲ್ಲ ಹಾಳು ಹರಟೆ ಅನ್ನುವ ಭಾವನೆ ನಮಗೆ ಎಲ್ಲಿಂದ ಬಂತೋ ಕಾಣೆ. ಇತಿಹಾಸ ನೋಡಿದರೆ ಹಾಗಿಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಸಂಡೇ ಸ್ಕೂಲು ತೆರೆದದ್ದು ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸುವುದಕ್ಕೆ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವೈ.ಎಂ.ಸಿ.ಎ.ಯನ್ನೇ ನೋಡಿ. ಬಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ್ದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ನಾಲ್ಕು ವರ್ಷದ ನಂತರ ವಾಲಿಬಾಲ್ ಹುಟ್ಟಿದ್ದೂ ಇನ್ನೊಂದು ವೈ.ಎಂ.ಸಿ.ಎ.ಯಲ್ಲೇ. ನಮ್ಮ ದೇಶದಲ್ಲಿ ವ್ಯಾಯಾಮ ಶಿಕ್ಷಕರನ್ನು ತಯಾರು ಮಾಡುವ ಕಾಲೇಜನ್ನು 1920ರಲ್ಲಿ ಮದರಾಸಿನಲ್ಲಿ ಹ್ಯಾರಿ ಬಕ್ ಆರಂಭಿಸಿದ್ದೂ ಅದೇ ಸಂಸ್ಥೆಯ ಆಶ್ರಯದಲ್ಲಿ. ದೇವರ ಕೆಲಸ ಬೇರೆ, ಆಟ ಬೇರೆ ಅಂತ ಇವರೆಲ್ಲ ಕೈಕಟ್ಟಿ ಕೂತಿದ್ದರೆ ನಮ್ಮ ಕಾಲೇಜಿನ ಅಂಗಳ ಅಷ್ಟರ ಮಟ್ಟಿಗೆ ಬರಿದಾಗಿರುತ್ತಿತ್ತು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಯೋಜನೆ ಬೇಡ, ಸಣ್ಣಪುಟ್ಟವನ್ನೇ ಹೇಳುತ್ತೇನೆ.

ಒಂದು, ಜೂನ್ ತಿಂಗಳ ಮೊದಲ ಕೂಟದಲ್ಲೇ ಎಲ್ಲರ ಪರೀಕ್ಷೆ, ಪಂದ್ಯ, ನಾಟಕಗಳ ತಿಂಗಳುಗಳನ್ನು ಕೇಳಿ ಬರೆದುಕೊಳ್ಳುವುದು. ಆಮೇಲೆ ನಮ್ಮ ಕಾರ್ಯಕ್ರಮ ಗೊತ್ತು ಮಾಡುವುದು. ಪರೀಕ್ಷೆಯ ಹಿಂದಿನ ವಾರ ಮೂರು ದಿನದ ಶಿಬಿರ ಇಟ್ಟು 'ಹುಡುಗರಿಗೆ ಭಕ್ತಿಯಿಲ್ಲ' ಎಂದು ಗೊಣಗುವುದು ನ್ಯಾಯವಲ್ಲ.

ಎರಡು, ಹಾಲ್ ತೆರೆಯುವುದು. ಒಂದೇ ಖೋಲಿಯಲ್ಲಿ ಆರು ಜನ ಇರುವ ಮನೆಯಲ್ಲಿ ಓದುವುದೆಂದರೇನು ಅಂತ ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಚರ್ಚಿನ ಹಾಲ್ ಭಾನುವಾರ ಬಿಟ್ಟರೆ ಹೆಚ್ಚಿನ ದಿನ ಬೀಗ ಹಾಕಿಕೊಂಡೇ ಇರುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ನಾಲ್ಕು ಬೆಂಚು, ಎರಡು ಫ್ಯಾನು, ಒಂದಿಷ್ಟು ಮೌನ ಕೊಟ್ಟರೆ ಸಾಕು. ಬೀಗದ ಕೈಯ ಜವಾಬ್ದಾರಿಯನ್ನು ಯೌವನಸ್ಥರ ಸಂಘ ಹೊತ್ತರೆ ಹಿರಿಯರು ಖಂಡಿತ ಒಪ್ಪುತ್ತಾರೆ. ಅಕ್ಕಪಕ್ಕದ ಚಾಳಿನ ಹುಡುಗರಿಗೂ ಅಲ್ಲಿ ಜಾಗವಿರಲಿ. ಜಾತಿ, ಮತ ಕೇಳಬಾರದು.

ಮೂರು, ಹೋಗುವುದು. ನಮ್ಮ ಹುಡುಗಿಯೊಬ್ಬಳು ಕಬಡ್ಡಿ ಆಡುತ್ತಾಳೆಂದರೆ ನಾಲ್ಕು ಜನ ಹೋಗಿ ನಿಂತು ಚಪ್ಪಾಳೆ ತಟ್ಟಬೇಕು. ಸೋತರೆ ಚಹಾ ಕುಡಿಸಿ ಮನೆ ತನಕ ಬಿಟ್ಟು ಬರಬೇಕು. ಖರ್ಚು ಗಾಡಿಯ ಟಿಕೇಟು ಅಷ್ಟೆ.

ನಾಲ್ಕು, ಇದ್ದದ್ದನ್ನು ಹಂಚುವುದು. ನಮ್ಮ ಗಿಟಾರು, ಕೀಬೋರ್ಡು ಕಾಲೇಜಿನ ಸ್ಪರ್ಧೆಗೂ ಹೋಗಿ ಬರಲಿ. ಸಭೆಯಲ್ಲಿ ಬ್ಯಾಂಕಿನವರಿದ್ದಾರೆ, ದಾದಿಯರಿದ್ದಾರೆ, ಶಿಕ್ಷಕರಿದ್ದಾರೆ. ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು, ಸಂದರ್ಶನಕ್ಕೆ ತಯಾರು ಮಾಡಲು ಅವರಲ್ಲಿ ಒಬ್ಬರು ತಿಂಗಳಿಗೊಂದು ಸಂಜೆ ಕೊಟ್ಟರೂ ಬೇಕಾದಷ್ಟಾಯಿತು.

ಒಂದು ಎಚ್ಚರಿಕೆ. ಪಂದ್ಯ ನೋಡಲು ಹೋದವರು ಅಲ್ಲಿ ಕರಪತ್ರ ಹಂಚಬಾರದು. ಸಹಾಯದ ಬೆನ್ನಿಗೇ ಹಾಜರಿ ಕೇಳಬಾರದು. ಹಾಗೆ ಮಾಡಿದರೆ ಅದು ವ್ಯಾಪಾರವಾಗುತ್ತದೆ, ಹುಡುಗರಿಗೆ ಅದರ ವಾಸನೆ ಬೇಗ ಹತ್ತುತ್ತದೆ.

"ಇಷ್ಟು ಸಡಿಲ ಬಿಟ್ಟರೆ ಅವರು ತಿರುಗಿ ಬರುತ್ತಾರೇನಪ್ಪ?" ಅಂತ ನಮ್ಮ ಹಿರಿಯರೊಬ್ಬರು ಕೇಳಿದರು. ಆ ಭಯ ಸುಳ್ಳಲ್ಲ. ಈ ಊರಿನಲ್ಲಿ ಕನ್ನಡದ ಆರಾಧನೆಗೆ ಬರುವ ಎಳೆಯರು ಕಡಿಮೆಯಾದರೆ ಆ ಸಭೆಗೂ ಕಷ್ಟ, ಕನ್ನಡಕ್ಕೂ ಕಷ್ಟ. ಆದರೆ ಬಿಗಿ ಹಿಡಿದು ನಾನು ಒಬ್ಬನನ್ನು ಕಳೆದುಕೊಂಡದ್ದಂತೂ ನಿಜ.

ಇನ್ನು ಚರ್ಚಿಗೆ ಸಂಬಂಧವಿಲ್ಲದ ಓದುಗರಿಗೆ. ಭಜನಾ ಮಂಡಳಿ, ಜಾತಿ ಸಂಘ, ಅಷ್ಟೇ ಏಕೆ, ನಮ್ಮ ಈ ಕನ್ನಡ ಸಂಘ ಬೇರೆಯೇ? ಭಾಷಣಕ್ಕೆ ಅತಿಥಿ ಬಂದಾಗ ಕುರ್ಚಿ ತುಂಬಲು ಎಲ್ಲರಿಗೂ 'ಬಾ, ಬಾ' ಅನ್ನುತ್ತೇವೆ. ಸದಸ್ಯನೊಬ್ಬ ಮರಾಠಿ ನಾಟಕದಲ್ಲಿ ಪಾತ್ರ ಮಾಡಿದರೆ ನಮ್ಮಲ್ಲಿ ಎಷ್ಟು ಜನ ಹೋಗಿದ್ದೇವೆ? ಒಪ್ಪಿಗೆಯಾಗದಿದ್ದರೆ ಮುಂದಿನ ಸಂಚಿಕೆಗೆ ಬರೆಯಿರಿ, ಜಗಳವಾಡೋಣ.

ಆ ಹುಡುಗನ ಮುಂದಿನ ನಾಟಕ ಯಾವಾಗ ಅಂತ ವಿಚಾರಿಸಿಟ್ಟಿದ್ದೇನೆ. ಹೋಗಿ ನೋಡುತ್ತೇನೆ. ಮುಗಿದ ಮೇಲೆ ಸಿಕ್ಕರೆ ಕ್ಷಮೆ ಕೇಳುತ್ತೇನೆ. ಚರ್ಚಿಗೆ ಬಾ ಅಂತ ಮಾತ್ರ ಅವತ್ತು ಹೇಳುವುದಿಲ್ಲ.