ಸಿಗರೇಟು ಬಿಡಲು ಉಪದೇಶ ಸಾಲದು, ಔಷಧಿ ಕೊಡಿ

ನನ್ನ ಮೆಡಿಕಲ್ ಶಾಪಿನ ಪಕ್ಕದಲ್ಲೇ ಒಂದು ಟೀ ಅಂಗಡಿಯಿದೆ. ನಿಕೋಟಿನ್ ಚೂಯಿಂಗ್ ಗಮ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಲ್ಲಿ ನಿಂತು ಸೇದುವವರೇ. ‘ನನ್ನ ಮನಸ್ಸು ಗಟ್ಟಿಯಿಲ್ಲ ಅಕ್ಕಾ, ಅದಕ್ಕೇ ಬಿಡೋಕೆ ಆಗ್ತಿಲ್ಲ’ ಎನ್ನುತ್ತಾರೆ. ಮನೆಯವರು, ನೆಂಟರು ಬೈದು ಬೈದು ಅವರನ್ನು ಹಾಗೆ ನಂಬಿಸಿಬಿಟ್ಟಿದ್ದಾರೆ. ಈ ನಂಬಿಕೆ ಹೋಗದೆ ನಮ್ಮಲ್ಲಿ ಸಿಗರೇಟು ಬಿಡುವವರ ಸಂಖ್ಯೆ ಹೆಚ್ಚುವುದಿಲ್ಲ.

ಸೇದಬೇಕೆಂಬ ತುಡಿತ ಹುಟ್ಟುವುದು ಮೆದುಳಿನಲ್ಲಿ. 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ನಾಸಿರ್ ನಖ್ವಿ, ಆಂಟೊಯಿನ್ ಬೆಷಾರಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. ಪಾರ್ಶ್ವವಾಯುವಿನಂಥ ಕಾರಣಗಳಿಂದ ಮೆದುಳಿಗೆ ಪೆಟ್ಟಾಗಿದ್ದ 69 ಧೂಮಪಾನಿಗಳನ್ನು ಅವರು ಪರಿಶೀಲಿಸಿದ್ದರು. ಅವರಲ್ಲಿ 19 ಮಂದಿಗೆ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟಾಗಿತ್ತು. ದೇಹದೊಳಗಿನ ಹಸಿವು, ನೋವು, ಸಂಕಟಗಳನ್ನು ನಮ್ಮ ಅರಿವಿಗೆ ತರುವ ಭಾಗವಿದು. ಆ 19ರಲ್ಲಿ 13 ಮಂದಿ ಸಿಗರೇಟು ಬಿಟ್ಟಿದ್ದರು. ಅವರಲ್ಲಿ 12 ಮಂದಿಗೆ ಬಿಡಲು ಕಷ್ಟವೇ ಆಗಿರಲಿಲ್ಲ, ಮತ್ತೆ ಸೇದುವ ಆಸೆಯೂ ಬಂದಿರಲಿಲ್ಲ. ದಿನಕ್ಕೆ 40ಕ್ಕೂ ಹೆಚ್ಚು ಸಿಗರೇಟು ಸೇದುತ್ತಿದ್ದ ಒಬ್ಬರು 28ನೇ ವಯಸ್ಸಿನಲ್ಲಿ ಪಾರ್ಶ್ವವಾಯು ಬಡಿದ ಕೂಡಲೇ ಬಿಟ್ಟರು. ಅವರ ಸಂಕಲ್ಪ ಒಂದೇ ದಿನದಲ್ಲಿ ಬಲವಾಯಿತೇ? ಇಲ್ಲ. ತುಡಿತವನ್ನು ಹುಟ್ಟಿಸುತ್ತಿದ್ದ ಜಾಲ ಕಡಿದುಹೋಗಿತ್ತು.

ಹೊಗೆ ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮೆದುಳು ಸೇರುತ್ತದೆ, ಅಲ್ಲಿನ ಗ್ರಾಹಕಗಳಿಗೆ (ರಿಸೆಪ್ಟರ್) ಅಂಟಿಕೊಂಡು ಡೋಪಮಿನ್ ಎಂಬ ರಾಸಾಯನಿಕ ಹೊರಬರುವಂತೆ ಮಾಡುತ್ತದೆ. ಸೇದುತ್ತಾ ಹೋದಂತೆ ಆ ಗ್ರಾಹಕಗಳ ಸಂಖ್ಯೆಯೂ ಹೆಚ್ಚುತ್ತದೆ. ನಿಕೋಟಿನ್ ಸಿಗದಿದ್ದರೆ ಸಿಡುಕು, ನಿದ್ದೆಗೇಡು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು ಶುರುವಾಗುತ್ತದೆ. ಬಿಟ್ಟ ಮೊದಲ ವಾರವೇ ಇದರ ಕಾಟ ಜಾಸ್ತಿ. ಬಿಸಿ ಟೀ, ಊಟದ ನಂತರದ ಹೊತ್ತು, ಪಕ್ಕದವನು ಗೀರಿದ ಬೆಂಕಿಕಡ್ಡಿ, ಯಾವುದು ಬೇಕಾದರೂ ತುಡಿತವನ್ನು ಎಬ್ಬಿಸಬಹುದು.

ಇದಕ್ಕೆ ಔಷಧಿಯಿದೆ. 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆಯೇ ಸಿಗುತ್ತದೆ. ಆದರೆ ಬಹಳ ಜನ ಅದನ್ನು ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿದು ರಸ ನುಂಗುತ್ತಾರೆ, ಹೊಟ್ಟೆ ತೊಳಸಿತೆಂದು ಮರುದಿನವೇ ಬಿಡುತ್ತಾರೆ. ನಿಧಾನವಾಗಿ ಅಗಿದು, ಬಾಯಿ ಚುರುಗುಟ್ಟಿದಾಗ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಅಗಿಯಬೇಕು. ಗಮ್ ಬಾಯಿಗೆ ಹಾಕಿಕೊಳ್ಳುವ ಕಾಲು ಗಂಟೆ ಮುಂಚಿನಿಂದ ಕಾಫಿ, ಟೀ ಕುಡಿಯಬಾರದು. ಕೌಂಟರಿನಲ್ಲಿ ಎರಡು ನಿಮಿಷ ನಿಂತು ಇಷ್ಟನ್ನು ಹೇಳಿಕೊಡುವುದು ನಮ್ಮಂಥ ಔಷಧಿ ಅಂಗಡಿಯವರ ಕರ್ತವ್ಯ. ವಾರೆನಿಕ್ಲಿನ್ ಮಾತ್ರೆಯೂ ಅದೇ ಗ್ರಾಹಕಗಳ ಮೇಲೆ ಕೆಲಸ ಮಾಡಿ ತುಡಿತ ತಗ್ಗಿಸುತ್ತದೆ. ಅದನ್ನು ವೈದ್ಯರು ಬರೆದುಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಗಮ್‌ನಂಥ ನಿಕೋಟಿನ್ ಬದಲಿ ಔಷಧಿಗಳನ್ನು 2009ರಲ್ಲಿ, ವಾರೆನಿಕ್ಲಿನ್ ಅನ್ನು 2021ರಲ್ಲಿ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಆದರೂ ನನ್ನ ಕೈಗೆ ಬರುವ ಚೀಟಿಗಳಲ್ಲಿ ‘ಸಿಗರೇಟು ಬಿಡಿ’ ಎಂಬ ಸಾಲು ಕಾಣುತ್ತದೆ, ಬಿಡಿಸುವ ಔಷಧಿಯ ಹೆಸರು ಕಾಣುವುದು ಅಪರೂಪ.

ಕರ್ನಾಟಕದ ತಂಬಾಕು ನಿಯಂತ್ರಣ ತಿದ್ದುಪಡಿ ಕಾಯ್ದೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನೂ ಬಿಡಿ ಸಿಗರೇಟು ಮಾರಾಟವನ್ನೂ ನಿಷೇಧಿಸಿದ್ದು ಒಳ್ಳೆಯದಾಯಿತು. ಹೊಸಬರು ಚಟಕ್ಕೆ ಬೀಳುವುದು ಅದರಿಂದ ತಗ್ಗಬಹುದು. ಈಗಾಗಲೇ ಬಿದ್ದವರಿಗೆ ಬೇಕಾದದ್ದು ಚಿಕಿತ್ಸೆ. ಬಿಪಿ, ಶುಗರ್ ಮಾತ್ರೆಗಳಂತೆ ಸಿಗರೇಟು ಬಿಡಿಸುವ ಔಷಧಿಗಳೂ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವಂತೆ ಸರ್ಕಾರ ಮಾಡಬೇಕು.

ಮನೆಯಲ್ಲಿ ಸೇದುವವರಿದ್ದರೆ ದಯವಿಟ್ಟು ಹಂಗಿಸಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ. ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಕರೆ ಮಾಡಿಸಿ, ಅದು ಉಚಿತ.