ಮಾತೃಕೆಗಳಿಗೆ ಮನ್ನಣೆ

ಗಣಿತಶಾಸ್ತ್ರದಲ್ಲಿಯೂ ಮೇಲುಕೀಳೆಂಬ ಭೇದವುಂಟೆಂದರೆ ಆಶ್ಚರ್ಯವಾಗಬಹುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅನೇಕ ಪಂಡಿತರು ಸಂಖ್ಯಾಸಿದ್ಧಾಂತಕ್ಕೆ ಸಲ್ಲಿಸುತ್ತಿದ್ದ ಗೌರವವನ್ನು ಮಾತೃಕೆಗಳಿಗೆ ಸಲ್ಲಿಸುತ್ತಿರಲಿಲ್ಲ. ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳ ವ್ಯೂಹವೇ ಮಾತೃಕೆ. ಅದು ಲೆಕ್ಕ ಮಾಡುವವರ ಕೈಗೊಂದು ಉಪಕರಣ. ಅದನ್ನೇ ಕುರಿತು ಚಿಂತಿಸುವುದಕ್ಕೆ ಏನಿದೆ ಎಂಬುದು ಅವರ ಭಾವನೆ. ಈ ಭಾವನೆ ತಪ್ಪೆಂಬುದನ್ನು ಜೀವಮಾನದ ದುಡಿಮೆಯಿಂದ ತೋರಿಸಿಕೊಟ್ಟವರಲ್ಲಿ ಓಲ್ಗಾ ಟೌಸ್ಕಿ ಟಾಡ್ ಪ್ರಮುಖರು.

ಓಲ್ಗಾ ಜನಿಸಿದುದು 1906ರ ಆಗಸ್ಟ್ 30ರಂದು, ಆಗ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಚೆಕ್ ಗಣರಾಜ್ಯದಲ್ಲಿರುವ ಓಲೊಮೋಟ್ಸ್ ನಗರದಲ್ಲಿ. ತಂದೆ ಲಿನ್ಸ್ ಪಟ್ಟಣದ ವಿನೆಗರ್ ಕಾರ್ಖಾನೆಯೊಂದರಲ್ಲಿ ರಸಾಯನಜ್ಞರು. ಬೇರೆ ಬೇರೆ ವಿನೆಗರುಗಳ ಮಿಶ್ರಣಕ್ಕೆ ಎಷ್ಟು ನೀರು ಬೆರೆಸಿದರೆ ಕಾನೂನು ವಿಧಿಸಿದ ಹುಳಿ ಬರುತ್ತದೆ ಎಂಬ ಪ್ರಶ್ನೆ ಅಲ್ಲಿ ಎದ್ದಾಗ, ಇನ್ನೂ ಶಾಲಾ ಬಾಲಕಿಯಾಗಿದ್ದ ಓಲ್ಗಾ ಅದನ್ನು ಸಮೀಕರಣವಾಗಿ ಬರೆದು ಬಿಡಿಸಿದರು. ಕಾರ್ಖಾನೆಯ ಪೀಪಾಯಿಗಳ ನಡುವೆ ಗಣಿತವನ್ನು ಕಾಣುವ ಕಣ್ಣು ಅವರಿಗೆ ಆಗಲೇ ಇದ್ದಿತು.

1930ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದದ್ದು ಸಂಖ್ಯಾಸಿದ್ಧಾಂತದಲ್ಲಿ. ಅನಂತರ ಗಟಿಂಗೆನ್ನಿನಲ್ಲಿ ಮಹಾಗಣಿತಜ್ಞ ಹಿಲ್ಬರ್ಟರ ಲೇಖನಗಳ ಸಂಪಾದನೆಗೆ ನೆರವಾಗಿ, ಅವುಗಳಲ್ಲಿದ್ದ ಅನೇಕ ತಪ್ಪುಗಳನ್ನು ತಿದ್ದಿದರು. ಯೆಹೂದಿ ಮನೆತನದ ಅವರಿಗೆ ಜರ್ಮನಿಯಲ್ಲಿ ನೆಲೆ ಉಳಿಯಲಿಲ್ಲ. ಅಮೆರಿಕದಲ್ಲಿ ಒಂದು ವರ್ಷ ಎಮ್ಮಿ ನೋಥರ್ ಅವರ ಸಾನ್ನಿಧ್ಯದಲ್ಲಿ ಕಳೆದು, 1935ರಲ್ಲಿ ಇಂಗ್ಲೆಂಡಿಗೆ ಬಂದರು. 1938ರಲ್ಲಿ ಗಣಿತಜ್ಞ ಜಾನ್ ಟಾಡ್ ಅವರನ್ನು ವಿವಾಹವಾದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಓಲ್ಗಾ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ವಿಮಾನಗಳ ಸಮಸ್ಯೆಯೊಂದಕ್ಕೆ ತೊಡಗಬೇಕಾಯಿತು. ಒಂದು ವೇಗವನ್ನು ಮೀರಿದಾಗ ವಿಮಾನದ ರೆಕ್ಕೆ ಅದುರತೊಡಗುತ್ತದೆ. ಅದುರು ಹೆಚ್ಚುತ್ತ ಹೋದರೆ ರೆಕ್ಕೆ ಮುರಿಯುವುದೂ ಉಂಟು. ಅದು ತಾನಾಗಿ ಅಡಗುವುದೋ ಬೆಳೆಯುವುದೋ ಎಂಬುದು ಒಂದು ಮಾತೃಕೆಯ ಐಗನ್ ಮೌಲ್ಯಗಳೆಂಬ ವಿಶಿಷ್ಟ ಸಂಖ್ಯೆಗಳಿಂದ ತಿಳಿಯುತ್ತದೆ. ಕೈಯಿಂದ ತಿರುಗಿಸುವ ಯಂತ್ರಗಳಲ್ಲಿ ಅವುಗಳನ್ನು ಕಂಡುಹಿಡಿಯುವುದು ಬಹು ದೀರ್ಘವಾದ ಶ್ರಮ. ರಷ್ಯದ ಗೆರ್ಷ್‌ಗೋರಿನ್ 1931ರಲ್ಲಿ ಪ್ರಕಟಿಸಿದ್ದ ಪ್ರಮೇಯವೊಂದು ಓಲ್ಗಾ ಅವರ ನೆರವಿಗೆ ಬಂದಿತು. ಮಾತೃಕೆಯ ಮೊದಲನೆಯ ಅಡ್ಡಸಾಲು 10, 1, 2 ಎಂದಿರಲಿ. ಕರ್ಣದ ಮೇಲಿರುವ 10ನ್ನು ಕೇಂದ್ರವಾಗಿಯೂ ಉಳಿದೆರಡರ ಮೊತ್ತವಾದ 3ನ್ನು ತ್ರಿಜ್ಯವಾಗಿಯೂ ಇಟ್ಟು ವೃತ್ತ ಎಳೆಯಬೇಕು. ಪ್ರತಿ ಸಾಲಿಗೂ ಹೀಗೆ ಎಳೆದರೆ, ಬೇಕಾದ ಮೌಲ್ಯಗಳೆಲ್ಲ ಆ ವೃತ್ತಗಳೊಳಗೇ ಇರುತ್ತವೆ. ಎಲ್ಲಿ ಹುಡುಕಬೇಕೆಂಬುದು ತಿಳಿದರೆ ಹುಡುಕುವ ಶ್ರಮ ಎಷ್ಟೋ ಕಡಮೆ!

ಯುದ್ಧವೇ ಅವರನ್ನು ಮಾತೃಕೆಗಳ ಕಡೆಗೆ ಎಳೆಯಿತೆಂದು ಹೇಳುವುದುಂಟು. ಅದು ಅರ್ಧ ಸತ್ಯ. ಇದೇ ಬಗೆಯ ಲೆಕ್ಕ ಮಾಡಿದವರು ಇನ್ನೂ ಅನೇಕರಿದ್ದರು. ಕೆಲಸ ಮುಗಿದ ಮೇಲೆ ಅವರು ಉಪಕರಣವನ್ನು ಕೆಳಗಿಟ್ಟರು. ಓಲ್ಗಾ ಇಡಲಿಲ್ಲ. ಈ ಪ್ರಮೇಯದ ಹಿನ್ನೆಲೆಯನ್ನು ಅರಸುತ್ತ ಹೋದ ಅವರು 1949ರಲ್ಲಿ ಒಂದು ಲೇಖನ ಬರೆದರು. ಇದರ ಇನ್ನೊಂದು ಮುಖವಾದ ನಿರ್ಧಾರಕಗಳ ಪ್ರಮೇಯವನ್ನು 1881ರಲ್ಲಿ ಲೆವಿ, 1887ರಲ್ಲಿ ದೆಪ್ಲಾಂಕ್, 1900ರಲ್ಲಿ ಮಿಂಕೋವ್‌ಸ್ಕಿ, 1903ರಲ್ಲಿ ಹದಮಾರ್ ಕಂಡಿದ್ದರು. ಒಂದೇ ಸತ್ಯ ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತಿತ್ತು. ಇಷ್ಟು ಮಂದಿ ಮೇಧಾವಿಗಳ ಶ್ರಮ ಹೀಗೆ ಚದುರಿಹೋದುದೇಕೆ? ಮಾತೃಕೆಗಳನ್ನು ಒಂದು ಶಾಸ್ತ್ರವೆಂದು ಎಣಿಸದಿದ್ದುದೇ ಕಾರಣವೆನ್ನಬೇಕು. ಉಪಕರಣಕ್ಕೆ ಯಾರೂ ಚರಿತ್ರೆ ಬರೆದಿಡುವುದಿಲ್ಲ. ಅವಜ್ಞೆಯ ಬೆಲೆಯನ್ನು ಗಣಿತವೇ ತೆತ್ತಿತು.

ಮಾತೃಕೆಗಳ ಗುಣಾಕಾರದಲ್ಲಿ ಕ್ರಮ ಬದಲಾದರೆ ಉತ್ತರವೂ ಬದಲಾಗಬಹುದು. ಸಾಮಾನ್ಯ ಸಂಖ್ಯೆಗಳಲ್ಲಿಲ್ಲದ ಈ ವೈಚಿತ್ರ್ಯವನ್ನು ಕುರಿತು ಓಲ್ಗಾ 1950ರ ದಶಕದಲ್ಲಿ ಮೋಟ್ಸ್‌ಕಿನ್ ಅವರೊಡನೆ ಗಹನವಾದ ಸಂಶೋಧನೆ ನಡೆಸಿದರು. ತಮ್ಮ ಮೊದಲ ಪ್ರೀತಿಯಾದ ಸಂಖ್ಯಾಸಿದ್ಧಾಂತಕ್ಕೂ ಮಾತೃಕೆಗಳಿಗೂ ನಂಟು ಬೆಸೆದರು. 1947ರಲ್ಲಿ ಅಮೆರಿಕಕ್ಕೆ ತೆರಳಿ, ಹತ್ತು ವರ್ಷ ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ದುಡಿದರು. ಗಣಕಯಂತ್ರಗಳು ಆಗತಾನೇ ಬರುತ್ತಿದ್ದ ಕಾಲವದು. ಆ ಯಂತ್ರಗಳಿಗೆ ಮಾತೃಕೆ ಎಷ್ಟು ಅಗತ್ಯವೆಂಬುದನ್ನು ಇಂದು ಬಿಡಿಸಿ ಹೇಳಬೇಕಾಗಿಲ್ಲ. ಅಂತರಜಾಲದ ಪುಟಗಳನ್ನು ಹುಡುಕಿ ಕ್ರಮವಾಗಿ ಜೋಡಿಸುವ ವಿಧಾನದಲ್ಲಿಯೂ ಐಗನ್ ಮೌಲ್ಯಗಳ ಗಣಿತವೇ ಅಡಗಿದೆ.

1957ರಲ್ಲಿ ದಂಪತಿಗಳಿಬ್ಬರೂ ಕ್ಯಾಲಿಫೋರ್ನಿಯ ತಂತ್ರಜ್ಞಾನ ಸಂಸ್ಥೆಯನ್ನು ಸೇರಿದರು. ಪತಿ ಪ್ರಾಧ್ಯಾಪಕರಾದರು, ಓಲ್ಗಾ ಅವರಿಗೆ ದೊರೆತುದು ಸಂಶೋಧನ ಸಹವರ್ತಿಯೆಂಬ ಹೆಸರು. ಅವರು ಪಾಠ ಹೇಳಿದರು, ಸಂಶೋಧನ ವಿದ್ಯಾರ್ಥಿಗಳನ್ನು ಬೆಳೆಸಿದರು. ಆ ಶಿಷ್ಯರ ಮೂಲಕವೇ ಮಾತೃಕೆಗಳ ಮೇಲಿನ ಆಸ್ಥೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಕಡೆಗಣಿಸಿದ ಶಾಸ್ತ್ರಕ್ಕೆ ಮನ್ನಣೆ ತಂದವರಿಗೇ ಮನ್ನಣೆ ತಡವಾಗಿ ಬಂದಿತು. ಪ್ರಾಧ್ಯಾಪಕ ಪದವಿ ಅವರಿಗೆ ದೊರೆತದ್ದು 1971ರಲ್ಲಿ. ಆರು ವರ್ಷಗಳ ಬಳಿಕ, 1977ರಲ್ಲಿ, ಅವರು ನಿವೃತ್ತರಾದರು.