ಯಾರ ದೌರ್ಬಲ್ಯ?

1857ರಲ್ಲಿ ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚು ಒಂದು ಠರಾವು ಮಾಡಿತು. ಬಿಳಿಯರು, ಕರಿಯರು ಒಟ್ಟಿಗೆ ಪ್ರಾರ್ಥನೆ ಮಾಡೋದೇ ಸರಿ, ಬೈಬಲ್ಲು ಹೇಳೋದೂ ಅದನ್ನೇ. ಆದರೆ ಕೆಲವರ ದೌರ್ಬಲ್ಯದ ದೆಸೆಯಿಂದ ಬೇರೆ ಬೇರೆ ಕೂರಿಸಬಹುದು ಅಂತ. ಯಾರ ದೌರ್ಬಲ್ಯ? ಪಕ್ಕದಲ್ಲಿ ಕರಿಯ ಕೂತರೆ ಪ್ರಭುವಿನ ರೊಟ್ಟಿ ಗಂಟಲಲ್ಲಿ ಇಳಿಯದ ಬಿಳಿಯರದು! ಹೋಟೆಲಿನ ಬೇರೆ ಲೋಟ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1881ರಲ್ಲಿ ಕರಿಯರಿಗೆ ಬೇರೆ ಚರ್ಚೇ ಆಯ್ತು. 1948ರಲ್ಲಿ, ಅದೇ ಚರ್ಚಿನ ಪಾದ್ರಿಯಾಗಿದ್ದ ಮಲಾನ್ ಪ್ರಧಾನಿಯಾದ. ವರ್ಣಭೇದ ಸರ್ಕಾರದ ನೀತಿಯಾಯ್ತು.

1960ರಲ್ಲಿ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಟ್ಟು ಕೊಂದರು. ಅದೇ ವರ್ಷ ಕಾಟೆಸ್ಲೋದಲ್ಲಿ ಸೇರಿದ ಚರ್ಚುಗಳವರು ಅಷ್ಟಿಷ್ಟು ಸತ್ಯ ಹೇಳಿದರು. ಪ್ರಧಾನಿ ಫರ್ವೂರ್ಟ್ ಕಣ್ಣು ಕೆಂಪಗೆ ಮಾಡಿದ. ಡಚ್ ಚರ್ಚು ಬಾಲ ಮುದುರಿತು. ಬೇಯರ್ಸ್ ನೌಡೆ ಮಾತ್ರ ಮುದುರಲಿಲ್ಲ. ಆಳುವವರ ಗುಪ್ತಕೂಟ ಬ್ರೂಡರ್‌ಬಾಂಡಿನ ಒಳಗಿನ ಮನುಷ್ಯ ಆತ. 1963ರಲ್ಲಿ ಆ ಕೂಟವನ್ನೂ ಬಿಟ್ಟ, ಪಾದ್ರಿ ಪೀಠವನ್ನೂ ಬಿಟ್ಟ. 1977ರಿಂದ ಏಳು ವರ್ಷ ಸರ್ಕಾರ ಆತನ ಬಾಯಿ ಕಟ್ಟಿತು.

1990ರಲ್ಲಿ ರಸ್ಟೆನ್‌ಬರ್ಗ್‌ನಲ್ಲಿ ವಿಲ್ಲಿ ಯೋಂಕರ್ ಎಂಬ ಬಿಳಿಯ ಪಂಡಿತ ತನ್ನ ಪಾಪವನ್ನೂ ಚರ್ಚಿನ ಪಾಪವನ್ನೂ ಎಲ್ಲರೆದುರು ಒಪ್ಪಿಕೊಂಡ. ಡೆಸ್ಮಂಡ್ ಟುಟು ಎದ್ದು ಕ್ಷಮಿಸಿದರು. ದೊಡ್ಡ ಮನಸ್ಸು, ಇರ್ಲಿ. ನನ್ನನ್ನು ಕಾಡೋದು ತಾರೀಖು. ಅಷ್ಟೊತ್ತಿಗೆ ಮಂಡೇಲಾ ಜೈಲಿಂದ ಹೊರಗೆ ಬಂದಾಗಿತ್ತು. ಕುರ್ಚಿ ಗಟ್ಟಿಯಿದ್ದಾಗಲೇ ಎದ್ದುಹೋದವನನ್ನೂ, ಅಲ್ಲಾಡಿದ ಮೇಲೆ ಮರುಗಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಹ್ಯಾಗೆ?

ಭಾರತದ ಕ್ಯಾಥೊಲಿಕ್ ಬಿಷಪ್ಪರೂ ತಮ್ಮ ಸಭೆಯೊಳಗೆ ಅಸ್ಪೃಶ್ಯತೆ ಇದೆಯೆಂದು 2016ರಲ್ಲಿ ಬರೆದು ಒಪ್ಪಿದರು. ಬರೆದದ್ದಾಯ್ತು. ಕುರ್ಚಿ ಬಿಟ್ಟುಕೊಟ್ಟವರು ಎಷ್ಟು ಜನ, ಕೇಳಿ ನೋಡಿ.